ಎಳೆಯೊಂದು, ಕಥಾನಕ ಹಲವು: ಬಳ್ಳಿಗಾವಿ, ಉಡುತಡಿ, ಕುಬಟೂರು

ಕವಿ, ಕಾದಂಬರಿಕಾರನಿಗೆ ಮೊದಲು ಸಿಗುವುದು ಒಂದು ಎಳೆ ಮಾತ್ರ. 'ಏಕೆ' ಎಂಬ ಪ್ರಶ್ನೆಗೆ ಉತ್ತರ ಹುಡುಕಿದಾಗಲೇ ಅದು ಕಥಾನಕವಾಗುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮಪ್ರಭುವಿನ ಕಥೆ ಇದಕ್ಕೆ ಉತ್ತಮ ನಿದರ್ಶನ. ಮದ್ದಳೆ ನುಡಿಸುತ್ತಿದ್ದ ಯುವಕ ವಿರಕ್ತನಾದ ಎಂಬುದು ಎಳೆ. ಹರಿಹರನ ರಗಳೆಯಲ್ಲಿ ಪ್ರಿಯೆ ಕಮಲತೆ ಜ್ವರದಿಂದ ಸಾಯುತ್ತಾಳೆ; ದುಃಖದಿಂದ ಅಲೆಯುವ ಅಲ್ಲಮನಿಗೆ ಅನಿಮಿಷನಿಂದ ಲಿಂಗ ದೊರೆಯುತ್ತದೆ. 15ನೇ ಶತಮಾನದ ಚಾಮರಸ 'ಪ್ರಭುಲಿಂಗಲೀಲೆ'ಯಲ್ಲಿ ಈ ಕಾರಣವನ್ನೇ ಕೈಬಿಟ್ಟ. ಅವನ ಅಲ್ಲಮನಿಗೆ ಮೋಹವೇ ಇಲ್ಲ. ಬನವಸಿಯ ರಾಜಕುಮಾರಿ ಮಾಯೆ ಆತನನ್ನು ಗೆಲ್ಲಲು ಹೊರಟು ಸೋಲುತ್ತಾಳೆ. ಓದುಗನ ಕುತೂಹಲ ಆತನ ದುಃಖದಿಂದ ಆಕೆಯ ಪಂಥಕ್ಕೆ ಸರಿಯುತ್ತದೆ.

ಅದೇ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯ ವಿಷಯದಲ್ಲಿ ಭಿನ್ನತೆ ಇನ್ನೂ ತೀಕ್ಷ್ಣ. ಕೌಶಿಕನೊಡನೆ ವಿವಾಹ ನಡೆಯಿತೆನ್ನುತ್ತಾನೆ ಹರಿಹರ, ನಡೆಯಲಿಲ್ಲವೆನ್ನುತ್ತಾನೆ ಚಾಮರಸ. ಇದು ಕೇವಲ ವಿವರದ ವ್ಯತ್ಯಾಸವಲ್ಲ. ವಿವಾಹವಾದರೆ ಷರತ್ತು ಮುರಿಯುವ ಪತಿ ಬೇಕು, ಅರಮನೆಯೊಳಗಿನ ಸಂಘರ್ಷ ಬೇಕು. ಆಗದಿದ್ದರೆ ನಿರಾಕರಣೆಯೇ ಕಥೆ. ಅಕ್ಕನನ್ನು ಕುರಿತು ಇಂದು ಬರೆಯಹೊರಟವರೂ ಮೊದಲು ಇದನ್ನೇ ತೀರ್ಮಾನಿಸಬೇಕು.

ಸೊರಬ ತಾಲ್ಲೂಕಿನ ಕುಬಟೂರು ಚಂದ್ರಹಾಸನ ಕುಂತಲನಗರವೆಂಬುದು ಸ್ಥಳೀಯ ಪ್ರತೀತಿ. ಲಕ್ಷ್ಮೀಶನ 'ಜೈಮಿನಿ ಭಾರತ'ದಲ್ಲಿ ಬರುವ ಆ ಕಥೆ ತಿರುಗುವುದು ಒಂದಕ್ಷರದಲ್ಲಿ. ಚಂದ್ರಹಾಸನಿಗೆ 'ವಿಷ' ಕೊಡುವಂತೆ ಮಂತ್ರಿ ಬರೆದ ಪತ್ರವನ್ನು ಆತನ ಮಗಳು 'ವಿಷಯೆ' ಎಂದು ತಿದ್ದುತ್ತಾಳೆ. ಅದು ಅವಳದೇ ಹೆಸರು. ಕೊಲೆಯ ಸಂಚು ಮದುವೆಯಾಗುತ್ತದೆ. ಇಲ್ಲಿಯೂ 'ಏಕೆ'ಗೆ ಉತ್ತರವಿದೆ: ಉದ್ಯಾನದಲ್ಲಿ ನಿದ್ರಿಸುತ್ತಿದ್ದ ಚಂದ್ರಹಾಸನಿಗೆ ಆಕೆ ಆಗಲೇ ಮನಸೋತಿದ್ದಳು.