ಕುದುರೆ ಸವಾರನ ಚಿತ್ರ: ಕರಡು ಹಾಳೆಯಿಂದ ಅರಮನೆ ಗೋಡೆಗೆ

ಮೈಸೂರು ಶೈಲಿ ಎಂದರೆ ಚಿನ್ನದ ರೇಕಿನ ದೇವರುಗಳಷ್ಟೇ, ಅರಮನೆಯ ದಸರಾ ಚಿತ್ರಗಳು ಬರೀ ಫೋಟೋ ನಕಲು ಎಂಬ ಮಾತು ಈಚೆಗೆ ಸಲೀಸಾಗಿ ಕೇಳಿಬರುತ್ತಿದೆ. ತ್ಯಾಮಗೊಂಡ್ಲಿನಲ್ಲಿ ಬಹುಕಾಲ ಚಿತ್ರ ಕಲಿಸಿದ ನಾನು ಇದನ್ನು ಒಪ್ಪಲಾರೆ. ಕುದುರೆಯ ಮೇಲೆ ಮನುಷ್ಯನನ್ನು ಕೂರಿಸಿ ಬರೆಯಲು ಒಮ್ಮೆ ಪೆನ್ಸಿಲು ಹಿಡಿದವರೂ ಒಪ್ಪಲಾರರು.

ವೀರಗಲ್ಲಿನ ಸವಾರರು ಶಿಲ್ಪಿಗಳ ಪಾಲಿನವರು, ಅವರನ್ನು ಬಿಡೋಣ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಟ್ಟಿಸಿದ 1784ರ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ 1780ರ ಪೊಲ್ಲಿಲೂರು ಕಾಳಗವಿದೆ. ಅಲ್ಲಿ ಪಕ್ಕನೋಟದ ಕುದುರೆಗಳು ಸಾಲುಗಟ್ಟಿವೆ. ಚಿತ್ರಗಾರನ ಜಾಣ್ಮೆಯೆಲ್ಲ ದಂಡಿನ ಜೋಡಣೆಗೆ ಹೋಗಿದೆ, ಒಂದೊಂದು ಕುದುರೆಗಲ್ಲ. ಟಿಪ್ಪು ಮಡಿದ 1799ರ ಯುದ್ಧದ ನಂತರ ಚಿತ್ರಕಾರ ಥಾಮಸ್ ಹಿಕಿ ಇಂಗ್ಲಿಷ್ ಅಧಿಕಾರಿಗಳ ಮುಖಗಳನ್ನು ಸೀಮೆಸುಣ್ಣದಲ್ಲಿ ಬರೆದುಕೊಂಡ. ಅವು ದೊಡ್ಡ ಯುದ್ಧಚಿತ್ರಗಳಿಗೆ ಮಾಡಿಕೊಂಡ ತಯಾರಿ. ಆ ಚಿತ್ರಗಳು ಮೂಡಲೇ ಇಲ್ಲ, ಕರಡುಗಳು ಮಾತ್ರ ಉಳಿದವು. ಇಂಗ್ಲೆಂಡಿನವರು ಅವನ್ನು ಜೋಪಾನ ಮಾಡಿದರು.

ನಮ್ಮವರಿಗೂ ಕರಡಿನ ಶಿಸ್ತು ಇತ್ತು. ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಇದ್ದಿಲು ಮಾಡಿ, ಮೊದಲ ರೇಖೆ ಎಳೆದು, ತಿದ್ದಿದ ಮೇಲೆಯೇ ಬಣ್ಣಕ್ಕೆ ಕೈ ಹಾಕುತ್ತಿದ್ದರು. ಆ ಪರಂಪರೆಯ ಶಿಖರ ನನ್ನ ಮಟ್ಟಿಗೆ ಮೈಸೂರು ಅರಮನೆಯ ಕಲ್ಯಾಣಮಂಟಪ. 1934ರಿಂದ 1945ರವರೆಗೆ ಅಲ್ಲಿ ಜಂಬೂಸವಾರಿಯ ಚಿತ್ರಫಲಕಗಳು ಸಿದ್ಧವಾದವು. ವೈ. ನಾಗರಾಜು, ಕೇಶವಯ್ಯ ಮೊದಲಾದವರ ಕೈಕೆಲಸ ಅದು. ಮೆರವಣಿಗೆಯಲ್ಲಿ ಸಾಗುವವರ ಮುಖಗಳು ನಿಜವಾದ ವ್ಯಕ್ತಿಗಳವು. ಫೋಟೋ ಆಧಾರ ನಿಜ. ಆದರೆ ಕಪ್ಪುಬಿಳುಪಿನ ಫೋಟೋದಲ್ಲಿ ಕುದುರೆಯ ಮೈಬಣ್ಣ ಎಲ್ಲಿದೆ? ಜೀನಿನ ಕೆಂಪು, ಸಮವಸ್ತ್ರದ ಜರಿ, ಬೆವರಿದ ಕತ್ತಿನ ಹೊಳಪು ಎಲ್ಲಿವೆ? ಅವನ್ನು ಕಣ್ಣಾರೆ ಕಂಡೇ ತರಬೇಕು.

ಕೆಲಸದ ಕ್ರಮ ಇಂದಿಗೂ ಬದಲಾಗಿಲ್ಲ. ಮೊದಲು ಕುದುರೆಯೊಂದೇ. ತಲೆಯ ಉದ್ದವನ್ನು ಅಳತೆಗೋಲಾಗಿ ಹಿಡಿದರೆ ಹೆಗಲಿನ ಎತ್ತರ ಹೆಚ್ಚುಕಡಿಮೆ ಎರಡೂವರೆ ತಲೆ. ಆಮೇಲೆ ಯಾವ ಕಾಲಿನ ಮೇಲೆ ಭಾರವಿದೆ ಎಂಬ ಸಣ್ಣ ಸಣ್ಣ ಕರಡುಗಳು. ಸವಾರನ ಮುಖವನ್ನು ಬೇರೆ ಹಾಳೆಯಲ್ಲಿ, ಲಗಾಮು ಹಿಡಿದ ಕೈಯನ್ನು ಮತ್ತೊಂದರಲ್ಲಿ ಬರೆದುಕೊಳ್ಳಬೇಕು. ಸವಾರನನ್ನು ಕೂರಿಸುವಾಗಲೇ ಕಷ್ಟ: ಸೊಂಟ ಒಂದಿಷ್ಟು ಹಿಂದೆ ಸರಿದರೂ ಅವನು ಜಾರುತ್ತಿರುವಂತೆ ಕಾಣುತ್ತಾನೆ. ಎಲ್ಲ ಕೂಡಿಬಂದ ಮೇಲೆ ಚೌಕ ಎಳೆದು ಹಿಗ್ಗಿಸುವುದು. ಕೆಳಗೆ ನಿಂತು ನೋಡುವವರಿಗಾಗಿ ಆಗ ಮತ್ತೆ ತಿದ್ದಬೇಕು.

ನಮ್ಮ ಪೀಳಿಗೆಯ ಡ್ರಾಯಿಂಗ್ ಮೇಷ್ಟ್ರುಗಳು ಕುದುರೆಯನ್ನು ಕಲಿತದ್ದು ಜಟಕಾ ನಿಲ್ದಾಣದಲ್ಲಿ. ಹುಲ್ಲು ಮೇಯುತ್ತ, ಬಾಲ ಬೀಸುತ್ತ, ಒಂದು ಹಿಂಗಾಲು ಸಡಿಲಿಸಿ ನಿಂತ ಆ ಬಡ ಕುದುರೆಗಳು ಮೂಳೆ ಎಲ್ಲಿ, ಸ್ನಾಯು ಎಲ್ಲಿ ಎಂದು ತೋರಿಸಿಕೊಟ್ಟವು. ಅಲ್ಲಿ ಪಳಗಿದ ಕೈ ಲಯ ತಪ್ಪಲಿಲ್ಲ. ಇಂದಿನ ಹುಡುಗರ ಕೈ ನಮಗಿಂತ ಚುರುಕು. ಎದುರಿಗೆ ಕುದುರೆ ಇಲ್ಲ, ಅಷ್ಟೇ.

ಕಲಾವಿದ ಎಂ. ಎಸ್. ನಂಜುಂಡರಾಯರು ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗಾಗಿ ಮೈಸೂರು ಶೈಲಿಯ ಹಳೆಯ ಚಿತ್ರಗಳನ್ನು ಹುಡುಕಿ ತಂದರು. ಕರಡು ಹಾಳೆಗಳಿಗೂ ಅಂಥದೇ ಹುಡುಕಾಟ ಬೇಕು. ಅರಮನೆ ಕಲಾವಿದರ ಮನೆತನದವರು ಹಳೆಯ ಪೆಟ್ಟಿಗೆಗಳಲ್ಲಿನ ಇದ್ದಿಲ ರೇಖೆಗಳನ್ನು ರದ್ದಿಗೆ ಹಾಕದಿರಲಿ. ಇನ್ನು ಹುಡುಗರ ಎದುರಿಗೆ ಕುದುರೆ ಬೇಕೆಂದರೆ, ಮೈಸೂರಿನಲ್ಲಿ ಪೊಲೀಸ್ ಅಶ್ವಾರೋಹಿ ದಳ ಇಂದಿಗೂ ಇದೆ. ಕಲಾಶಾಲೆಗಳು ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಆ ಲಾಯಕ್ಕೆ ಕರೆದೊಯ್ದು ಬರೆಯಿಸಲಿ.