ಒಳಗಿನ ಸಂತೆ

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ಕಟ್ಟಿದವನು ಬಹಳ ಕಂಡವನಿರಬೇಕು. ನಿದ್ದೆಗೆಡಿಸುವುದು ಹೊರಗಿನ ಗದ್ದಲಕ್ಕಿಂತ ಹೆಚ್ಚಾಗಿ ಒಳಗಿನ ಗದ್ದಲ ಎಂಬುದನ್ನು ಅವನು ಮೂರೇ ಶಬ್ದಗಳಲ್ಲಿ ಹೇಳಿ ಮುಗಿಸಿದ್ದಾನೆ. ಹಗಲಿನ ವ್ಯವಹಾರವೆಲ್ಲ ಮುಗಿದು, ದೀಪವಾರಿಸಿ, ದಿಂಬಿಗೆ ತಲೆಯಿಟ್ಟ ಮೇಲೆಯೇ ಒಳಗೆ ಸಂತೆ ನೆರೆಯುತ್ತದೆ. ಅದನ್ನು ಚದುರಿಸುವ ಬಗೆ ಹೇಗೆ? ಈ ಪ್ರಶ್ನೆಗೂ ನಮ್ಮಲ್ಲಿ ಒಂದು ದೀರ್ಘವಾದ ಚರಿತ್ರೆಯಿದೆ.

ಮಹಾಭಾರತದ ಉದ್ಯೋಗಪರ್ವದಲ್ಲಿ ಒಂದು ಉಪಪರ್ವದ ಹೆಸರೇ ‘ಪ್ರಜಾಗರ’. ನಿದ್ರೆಯಿಲ್ಲದ ಎಚ್ಚರ ಎಂದು ಅದರ ಅರ್ಥ. ಪಾಂಡವರಲ್ಲಿಗೆ ಹೋಗಿದ್ದ ಸಂಜಯನು ಹಿಂದಿರುಗಿ, ಧೃತರಾಷ್ಟ್ರನನ್ನು ನಿಂದಿಸಿ, ಯುಧಿಷ್ಠಿರನ ಮಾತನ್ನು ನಾಳೆ ಸಭೆಯಲ್ಲಿ ಹೇಳುವೆನೆಂದು ಹೊರಟುಹೋಗುತ್ತಾನೆ. ಆ ಮಾತೇನೆಂದು ತಿಳಿಯದ ದೊರೆಗೆ ಅಂದು ನಿದ್ರೆ ಹತ್ತದು. ಅವನು ವಿದುರನನ್ನು ಕರೆಸುತ್ತಾನೆ. ಬಲಿಷ್ಠನ ವೈರಕ್ಕೆ ಸಿಕ್ಕಿದ ದುರ್ಬಲ, ಸರ್ವಸ್ವವನ್ನೂ ಕಳೆದುಕೊಂಡವನು, ಕಾಮಿ, ಕಳ್ಳ, ಇಂಥವರಿಗೆ ನಿದ್ರೆಯಿಲ್ಲವೆಂದು ವಿದುರನು ಮೊದಲು ಒಂದು ಪಟ್ಟಿಯನ್ನು ಕೊಡುತ್ತಾನೆ. ಬಳಿಕ, ಪರರ ಸ್ವತ್ತಿನ ಆಸೆಯಿಂದ ನೀನು ಬೇಯುತ್ತಿಲ್ಲವಷ್ಟೆ ಎಂದು ವಿನಯದಿಂದಲೇ ಕೇಳುತ್ತಾನೆ. ರೋಗಿ ಹೇಳುವುದಕ್ಕೆ ಮೊದಲೇ ವೈದ್ಯನು ನಾಡಿ ಹಿಡಿದದ್ದು ಹೀಗೆ. ಗದುಗಿನ ಕುಮಾರವ್ಯಾಸನೂ ತನ್ನ ಉದ್ಯೋಗಪರ್ವದಲ್ಲಿ ಈ ವಿದುರನೀತಿಗೆ ಎಡೆಮಾಡಿಕೊಟ್ಟಿದ್ದಾನೆ.

ಕವಿಗಳಿಂದ ವೈದ್ಯರ ಕಡೆಗೆ ಬಂದರೆ, ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ದೇಹದ ಆಧಾರಗಳೆಂದು ಎಣಿಸುತ್ತದೆ. ಮನಸ್ಸು ದಣಿದು, ಇಂದ್ರಿಯಗಳೂ ದಣಿದು, ತಮ್ಮ ವಿಷಯಗಳಿಂದ ಹಿಂದೆ ಸರಿದಾಗ ಮನುಷ್ಯನು ನಿದ್ರಿಸುತ್ತಾನೆ ಎಂಬುದು ಅದರ ಮತ. ನಿದ್ರೆ ಕೆಟ್ಟವನಿಗೆ ಅದು ಹೇಳುವ ಉಪಚಾರಗಳನ್ನು ಗಮನಿಸಬೇಕು: ಎಣ್ಣೆಯ ಅಭ್ಯಂಗ, ಸ್ನಾನ, ಹಾಲು, ಮೊಸರನ್ನ, ಮೈಯೊತ್ತುವುದು, ಮನಸ್ಸಿಗೆ ಹಿತವಾದ ಪರಿಮಳ, ಹಿತವಾದ ಶಬ್ದ. ಮನಸ್ಸಿನೊಡನೆ ಕುಸ್ತಿ ಮಾಡು ಎಂಬ ಮಾತು ಇಲ್ಲೆಲ್ಲಿಯೂ ಇಲ್ಲ. ಅದನ್ನು ಒಲಿಸಿಕೊಳ್ಳಬೇಕು, ಅಷ್ಟೆ.

ಈ ‘ಹಿತವಾದ ಶಬ್ದ’ವನ್ನು ಕನ್ನಡ ನಾಡು ಬಲು ಚೆನ್ನಾಗಿ ಬೆಳೆಸಿತು. ಕೂಸಿಗೆ ಜೋಗುಳ, ಮಕ್ಕಳಿಗೆ ಅಜ್ಜಿಯ ಕಥೆ, ದೊಡ್ಡವರಿಗೆ ಭಜನೆ ಮತ್ತು ಭಾರತವಾಚನ. ಊಟ ಮುಗಿಸಿ ಜಗುಲಿಯಲ್ಲೋ ಗುಡಿಯ ಅಂಗಳದಲ್ಲೋ ಕಂಬಳಿ ಹೊದ್ದು ಕುಳಿತವರ ಮುಂದೆ ಗಮಕಿಯು ಷಟ್ಪದಿಯನ್ನು ರಾಗವಾಗಿ ಓದುತ್ತಿದ್ದ. ಭೀಮನ ಸಂಕಟವನ್ನು ಕೇಳುತ್ತ ಕುಳಿತವನಿಗೆ ತನ್ನ ಸಾಲದ ಸಂಕಟ ಆ ಹೊತ್ತಿಗಾದರೂ ಮರೆಯುತ್ತಿತ್ತು. ನಮ್ಮ ಹರಿದಾಸರಂತೂ ಜಗತ್ತನ್ನೇ ಕಾಯುವ ಕೃಷ್ಣನನ್ನು ತೊಟ್ಟಿಲಲ್ಲಿ ಮಲಗಿಸಿ ಜೋಗುಳ ಹಾಡಿದರು. ತನ್ನ ಹೊರೆಯನ್ನು ಹೊತ್ತವನನ್ನೇ ಮಲಗಿಸಿದ ಭಕ್ತನಿಗೆ ಆ ರಾತ್ರಿ ಎಚ್ಚರವಾಗಿರಲು ಕಾರಣವೇನು ಉಳಿಯಿತು?

ಈ ಇರುಳಿನ ಸ್ವರೂಪ ಬದಲಾದದ್ದು ವಿದ್ಯುತ್ತಿನಿಂದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಕತ್ತಲೆಯೊಡನೆ ಮುಗಿಯುತ್ತಿದ್ದ ಹಗಲು ಅಂದಿನಿಂದ ಉದ್ದವಾಯಿತು. ಅದೇ ವಿದ್ಯುತ್ತು 1935ರಲ್ಲಿ ಮೈಸೂರಿನ ‘ಆಕಾಶವಾಣಿ’ಗೂ ಜೀವ ಕೊಟ್ಟಿತು. ತಮ್ಮ ಮನೆಯಲ್ಲಿಯೇ ಅದನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು! ಮನಸ್ಸನ್ನು ಬಲ್ಲವರೊಬ್ಬರ ಮನೆಯಿಂದ ಹೊರಟ ದನಿ ಗಮಕಿಯ ದನಿಗೆ ವಾರಸುದಾರನಾಯಿತು ಎಂದು ಭಾವಿಸಲು ನನಗೆ ಸಂತೋಷ.

ನಾನಿರುವ ಅಲ್ಲಾಳಸಂದ್ರದ ಹೆಸರಿನಲ್ಲಿ ಒಂದು ಸಮುದ್ರವಿದೆ. ‘ಸಂದ್ರ’ವೆಂದರೆ ಸಮುದ್ರ, ಎಂದರೆ ಕೆರೆ. ಕೆರೆ ಇನ್ನೂ ಇದೆ. ಆದರೆ 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಗೆ ರಾತ್ರಿಯೆಂಬುದಿಲ್ಲ. ಆದರೂ ಇಲ್ಲಿ ನಿದ್ದೆಗೆಟ್ಟವರನ್ನು ಕೇಳಿ ನೋಡಿ: ವಾಹನಗಳ ಸದ್ದನ್ನು ದೂರುವವರಿಗಿಂತ ನಾಳಿನ ಕೆಲಸವನ್ನೂ, ಮಕ್ಕಳ ಭವಿಷ್ಯವನ್ನೂ, ಮನೆಯ ಸಾಲವನ್ನೂ ಹೇಳಿಕೊಳ್ಳುವವರೇ ಹೆಚ್ಚು. ಗಾದೆ ಸುಳ್ಳಾಗಿಲ್ಲ.

ಇಂದಿನ ವಿಜ್ಞಾನವೂ ಹಳೆಯ ದಾರಿಯಲ್ಲೇ ಹೆಜ್ಜೆಯಿಟ್ಟಿದೆ. ನಿದ್ರೆ ಬಾರದಿದ್ದರೆ ಹೊರಳಾಡುತ್ತ ಹಟ ಹಿಡಿಯಬೇಡಿ, ಎದ್ದು ಬೇರೆ ಕೋಣೆಗೆ ಹೋಗಿ, ತೂಕಡಿಕೆ ಬಂದಾಗಲೇ ಹಾಸಿಗೆಗೆ ಮರಳಿ ಎಂಬ ಚಿಕಿತ್ಸಾಕ್ರಮವನ್ನು 1972ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಸಿನ್ ಮುಂದಿಟ್ಟರು. 2018ರಲ್ಲಿ ಅದೇ ದೇಶದ ಬೇಲರ್ ವಿಶ್ವವಿದ್ಯಾಲಯದವರು 57 ಮಂದಿ ತರುಣ ತರುಣಿಯರ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಮಲಗುವ ಮುನ್ನ ಐದು ನಿಮಿಷ ಕೆಲವರು ಮಾಡಿ ಮುಗಿಸಿದ ಕೆಲಸಗಳನ್ನು ಬರೆದರು, ಉಳಿದವರು ಮುಂದೆ ಮಾಡಬೇಕಾದವನ್ನು ಬರೆದರು. ಮಾಡಬೇಕಾದುದನ್ನು ಬರೆದವರಿಗೆ ಸುಮಾರು 9 ನಿಮಿಷ ಮೊದಲೇ ನಿದ್ರೆ ಬಂದಿತು. ಹೊರೆಯನ್ನು ಕಾಗದಕ್ಕೆ ಇಳಿಸಿದ ಮನಸ್ಸು ಅದನ್ನು ಹೊತ್ತುಕೊಂಡೇ ಮಲಗಬೇಕಾಗಿಲ್ಲವೆಂದು ತೋರುತ್ತದೆ.

ಹಾಗಾದರೆ ಧೃತರಾಷ್ಟ್ರನಿಗೆ ಏಕೆ ಸಮಾಧಾನವಾಗಲಿಲ್ಲ? ಅವನೂ ತನ್ನ ಹೊರೆಯನ್ನು ಹೇಳಿಕೊಂಡಿದ್ದ. ವಿದುರನಂಥವನ ನುಡಿಯನ್ನು ರಾತ್ರಿಯೆಲ್ಲ ಕೇಳಿದ್ದ. ಆದರೆ ಕೊನೆಗೆ ಅವನು ಹೇಳುವುದೇನು? ನಿನ್ನ ಮಾತು ನಿಜ, ನನ್ನ ಬುದ್ಧಿಯೂ ಪಾಂಡವರ ಕಡೆಗೇ ಒಲಿಯುತ್ತದೆ, ಆದರೆ ದುರ್ಯೋಧನನನ್ನು ಕಂಡೊಡನೆ ಅದು ತಿರುಗಿಬಿಡುತ್ತದೆ ಎಂದು. ಮಾಡಬೇಕಾದುದು ಅವನ ಪಟ್ಟಿಯಲ್ಲಿತ್ತು, ಮಾಡುವ ಮನಸ್ಸಿರಲಿಲ್ಲ.

ನನಗೆ ತೋರುವಂತೆ, ನಿದ್ದೆಗೆಡಿಸುವ ಚಿಂತೆಗಳಲ್ಲಿ ಎರಡು ಬಗೆ. ನಮ್ಮ ಕೈಮೀರಿದ ಚಿಂತೆ ಒಂದು. ಅದಕ್ಕೆ ಹಾಲು, ಹಾಡು, ಕಥೆ, ನಾಮಸ್ಮರಣೆ ಸಾಕು, ಜೋಗುಳಕ್ಕೆ ಮಣಿಯುವ ಕೂಸು ಅದು. ನಮ್ಮ ಕೈಯಲ್ಲೇ ಇದ್ದೂ ನಾವು ಮಾಡದೆ ಬಿಟ್ಟ ನ್ಯಾಯದ ಚಿಂತೆ ಇನ್ನೊಂದು. ಆ ಎರಡನೆಯದಕ್ಕೆ ಜೋಗುಳ ಹಾಡಿ ಪ್ರಯೋಜನವಿಲ್ಲ. ಅದು ಬಾಗಿಲಲ್ಲಿ ನಿಂತ ಸಾಲಗಾರ. ಬೆಳಗಾದ ಮೇಲೆ ಸಲ್ಲಬೇಕಾದುದನ್ನು ಸಲ್ಲಿಸಿದರೆ ಮಾತ್ರ ಮರುದಿನ ರಾತ್ರಿ ಅವನು ಕದ ತಟ್ಟುವುದಿಲ್ಲ.