ನಮ್ಮ ಭೂಪಟಕ್ಕೆ ಕಡಲು ಬಂದ ಮೇಲೆ

ಹೊಳಲ್ಕೆರೆಯ ಪ್ರಾಥಮಿಕ ಶಾಲೆಯಲ್ಲಿ ನಾನು ಅಕ್ಷರ ತಿದ್ದುತ್ತಿದ್ದ ಕಾಲಕ್ಕೆ ಮೈಸೂರು ರಾಜ್ಯಕ್ಕೆ ಕಡಲೇ ಇರಲಿಲ್ಲ. 1956ರ ನವೆಂಬರ್ 1ರ ಏಕೀಕರಣದ ನಂತರ ನಮ್ಮ ಮೇಷ್ಟರು ಕರಿಹಲಗೆಯ ಮೇಲೆ ಹೊಸ ಭೂಪಟ ಬರೆದು, ಅದರ ಪಡುವಣ ಅಂಚಿಗೆ ನೀಲಿ ಸೀಮೆಸುಣ್ಣ ಬಳಿದರು. ಅಲ್ಲಿಯವರೆಗೆ ನಮಗೆ ಕಡಲೆಂದರೆ ಘಟ್ಟ ಹತ್ತಿ ಸಂತೆಗೆ ಬರುತ್ತಿದ್ದ ಒಣಮೀನಿನ ವಾಸನೆ ಮಾತ್ರ. ಮೂಗು ಮುಚ್ಚಿಕೊಂಡು ಓಡುವವರೂ ಇದ್ದರು, ಕುಕ್ಕೆಯ ಮುಂದೆ ಕುಳಿತು ಚೌಕಾಸಿ ಮಾಡುವವರೂ ಇದ್ದರು.

ನಾವು ಕೆರೆಯ ಸೀಮೆಯವರು. ಭೀಮಸಮುದ್ರದ ಕೆರೆಯಾಗಲಿ, 1907ರಲ್ಲಿ ಮುಗಿದ ಹಿರಿಯೂರಿನ ಮಾರಿಕಣಿವೆಯಾಗಲಿ, ನೀರಿಗೆ ಏರಿ ಉಂಟು, ಏರಿಗೆ ಒಡೆಯರುಂಟು. ಅಲ್ಲಿನ ಮೀನು ಪರಸೀಮೆಗೆ ಓಡಿಹೋಗದು. ಕಡಲ ಕಥೆ ಹಾಗಲ್ಲ. ಸ್ವಾತಂತ್ರ್ಯಪೂರ್ವದಲ್ಲಿ ಕಾರವಾರ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಗೋವಾ ಪೋರ್ಚುಗೀಸರದು, ಮಂಗಳೂರು, ಕಾಸರಗೋಡು, ಮಲಬಾರುಗಳು ಮದ್ರಾಸಿನವು, ಅದರಾಚೆ ಕೊಚ್ಚಿ, ತಿರುವಾಂಕೂರು ಅರಸೊತ್ತಿಗೆಗಳು. ಬೂತಾಯಿ ಮೀನಿನ ಹಿಂಡು ಈ ಯಾವ ಗಡಿಯನ್ನೂ ಕೇಳದೆ ಈಜುತ್ತಿತ್ತು.

ಬೂತಾಯಿಯೆಂದರೆ ಬಡವರ ಊಟವಷ್ಟೇ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಎಣ್ಣೆಗೂ ಗೊಬ್ಬರಕ್ಕೂ ದೊಡ್ಡ ವ್ಯಾಪಾರವಿತ್ತು. ಜೇಮ್ಸ್ ಹಾರ್ನೆಲ್ ಅವರು ರಾಮಸ್ವಾಮಿ ನಾಯುಡು ಅವರೊಡನೆ ಈ ಮೀನಿನ ಜೀವನಕ್ರಮವನ್ನು ಅಭ್ಯಸಿಸಿದ್ದು ಅದೇ ಕಾಲದಲ್ಲಿ. ನಲವತ್ತರ ದಶಕದಲ್ಲಿ ಬೂತಾಯಿ ತೀರ ಕಡಿಮೆಯಾದಾಗ, 1943ರಲ್ಲಿ ಮದ್ರಾಸ್ ಸರ್ಕಾರವು ಕೆಲವು ಬಗೆಯ ಬಲೆಗಳಿಗೂ ಮರಿಮೀನಿನ ಬೇಟೆಗೂ ನಿರ್ಬಂಧ ಹೇರಿತು. ಆದರೆ ಸಾವಿರಾರು ದೋಣಿಗಳನ್ನು ಕಾಯುವವರು ಯಾರು? 1947ರ ವೇಳೆಗೆ ಆ ನಿಯಮ ಇಲ್ಲವಾಯಿತು. ಸ್ವಾರಸ್ಯವೆಂದರೆ, ಐವತ್ತರ ದಶಕದ ಕೊನೆಯಲ್ಲಿ ಮೀನು ಮತ್ತೆ ಬಂತು. ನಿಯಮದ ಫಲವೆನ್ನೋಣವೆಂದರೆ ನಿಯಮವೇ ಆಗ ಇರಲಿಲ್ಲ! ಕಡಲಿಗೆ ತನ್ನದೇ ಏರಿಳಿತಗಳಿವೆ ಎಂಬುದನ್ನು ಒಪ್ಪದೆ ಈ ಇತಿಹಾಸ ಬರೆಯಲಾಗದು. ಹಾಗೆಂದು ಮನುಷ್ಯನ ಕೈವಾಡವಿಲ್ಲವೆಂದೂ ಹೇಳಲಾಗದು.

ಅದಕ್ಕೆ ಸಾಕ್ಷಿ ರಾಂಪಣಿ ಬಲೆಯ ಕಥೆ. ನಮ್ಮ ಕರಾವಳಿಯಲ್ಲಿ ಮೊಗವೀರರೂ ಖಾರ್ವಿಗಳೂ ಹಲವು ಮನೆಗಳ ಬಲೆಯ ತುಂಡುಗಳನ್ನು ಜೋಡಿಸಿ ಬಲು ಉದ್ದದ ಒಂದೇ ಬಲೆ ಮಾಡುತ್ತಿದ್ದರು. ಹಿಂಡು ದಡದ ಬಳಿಗೆ ಬಂದಾಗ ದೋಣಿಯಲ್ಲಿ ಸುತ್ತುಹಾಕಿ, ಹತ್ತಾರು ಜನ ಮರಳಿನ ಮೇಲೆ ನಿಂತು ಎಳೆಯುವರು, ಸಿಕ್ಕಿದ್ದು ಪಾಲಾಗುವುದು. ಇದರಲ್ಲಿ ಲಿಖಿತ ಕಾಯಿದೆಯಿಲ್ಲ, ಆದರೆ ಮಿತಿಯಿದೆ: ಮೀನೇ ದಡಕ್ಕೆ ಬರಬೇಕು. ಎಪ್ಪತ್ತರ ದಶಕದ ನಡುವೆ ಯಂತ್ರದೋಣಿಯ ಪರ್ಸೀನ್ ಬಲೆ ಬಂದು, ಹಿಂಡು ದಡ ಸೇರುವ ಮುನ್ನವೇ ಅದನ್ನು ಕಡಲಲ್ಲೇ ಸುತ್ತುವರಿಯಿತು. ಬೂತಾಯಿ, ಬಂಗುಡೆಗಳ ಹಿಡುವಳಿ ಮೊದಮೊದಲು ಹೆಚ್ಚಿತು ನಿಜ. ಆದರೆ ಆ ದಶಕ ಮುಗಿಯುವಷ್ಟರಲ್ಲಿ ರಾಂಪಣಿ ಬಹುತೇಕ ಮೂಲೆ ಸೇರಿತು. ಜಗಳಗಳೂ ಆದವು. ಕೇರಳ, ಗೋವಾಗಳು 1980ರಲ್ಲೇ ಕಡಲ ಮೀನುಗಾರಿಕೆಯ ಕಾಯಿದೆ ಮಾಡಿದ್ದವು. ಕರ್ನಾಟಕದ ಕಾಯಿದೆ ಬಂದದ್ದು 1986ರಲ್ಲಿ. ರಾಂಪಣಿಯ ಪಾಲಿಗೆ ಅದು ತಡವಾಗಿತ್ತು ಎಂಬುದು ನನ್ನ ಭಾವನೆ.

ಕಾಯಿದೆ ಬಂದರೂ ಏರಿಯಿಲ್ಲದ ಕೆರೆಯ ಸಮಸ್ಯೆ ಉಳಿದೇ ಇದೆ. ರಾಜ್ಯದ ಅಧಿಕಾರ ತೀರದಿಂದ 12 ನಾಟಿಕಲ್ ಮೈಲಿಯವರೆಗೆ, ಅದರಾಚೆ ಕೇಂದ್ರದ್ದು. ದೀಪ ಹಚ್ಚಿ ಮೀನು ಸೆಳೆಯುವುದನ್ನೂ, ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರವು 2017ರ ನವೆಂಬರಿನಲ್ಲಿ ನಿಷೇಧಿಸಿತು. ಮಳೆಗಾಲದ ರಜೆಯ ವಿಷಯಕ್ಕೆ ಬಂದರೆ, ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ಕೇರಳದ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ 52 ದಿನ. ಮಂಜೇಶ್ವರದ ದೋಣಿಗೂ ಉಳ್ಳಾಲದ ದೋಣಿಗೂ ನಡುವೆ ಕೆಲವೇ ಮೈಲಿ ದೂರ, ಪಂಚಾಂಗ ಮಾತ್ರ ಬೇರೆ. ಮೊಟ್ಟೆಯಿಡುವ ಬೂತಾಯಿಗೆ ಈ ಒಂಬತ್ತು ದಿನಗಳ ವ್ಯತ್ಯಾಸವನ್ನು ತಿಳಿಸುವವರು ಯಾರು?

ಕೇರಳವನ್ನೇ ದೂರುವುದು ಅನ್ಯಾಯ. ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನೂ ಹದಿನಾಲ್ಕಕ್ಕಿಂತ ಚಿಕ್ಕ ಬಂಗುಡೆಯನ್ನೂ ಹಿಡಿಯಬಾರದೆಂದು 2015ರಲ್ಲಿ ಮೊದಲು ನಿಯಮ ಮಾಡಿದ ರಾಜ್ಯ ಅದೇ. ಏಕೆಂದರೆ ಪೆಟ್ಟು ಬಿದ್ದದ್ದೂ ಅದಕ್ಕೇ. 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ, 2021ರಲ್ಲಿ ಸಿಕ್ಕಿದ್ದು ಮೂರೂವರೆ ಸಾವಿರ ಟನ್ನಿಗೂ ಕಡಿಮೆ. ಸಮುದ್ರದ ಬಿಸಿಯೂ ಕಾರಣ, ಮರಿಗಳನ್ನು ಮೀನುಹಿಟ್ಟಿನ ಕಾರ್ಖಾನೆಗೆ ಸುರಿದದ್ದೂ ಕಾರಣ.

ಮೊನ್ನೆ ಜೂನಿನಲ್ಲಿ ಹಿರಿಯೂರಿನ ಮೀನಂಗಡಿಯ ಮುಂದೆ ನಿಂತಿದ್ದೆ. ಬಂಗುಡೆ ಇದೆಯೇ ಎಂದು ಒಬ್ಬರು ಕೇಳಿದರು. "ಕಡ್ಲು ಬಂದ್ ಆಗೈತೆ ಸಾರ್, ಆಗಸ್ಟಿಗೆ ಬರ್ರಿ" ಎಂದ ಹುಡುಗ, ಮಾರಿಕಣಿವೆಯ ಕಾಟ್ಲಾ ಮೀನೊಂದನ್ನು ತಕ್ಕಡಿಗೆ ಹಾಕಿದ.